ಹುಡುಗನಿಗೆ ಎಷ್ಟು ನಿಮಿಷ?

ಕಂಠೀರವ ಸ್ಟೇಡಿಯಂನಿಂದ ಸಂಪಂಗಿರಾಮನಗರದ ಕಡೆ ನಡೆದರೆ ಮೂಲೆಯಲ್ಲೊಂದು ಟೀ ಅಂಗಡಿ ಸಿಗುತ್ತದೆ. ಬೆಂಗಳೂರು ಎಫ್‌ಸಿ ಪಂದ್ಯ ಇದ್ದ ರಾತ್ರಿ ಅಲ್ಲಿ ಹತ್ತು ಗಂಟೆಯಾದರೂ ಜನ ಕರಗುವುದಿಲ್ಲ. ಮೈಮೇಲೆ ನೀಲಿ ಜೆರ್ಸಿ, ಕೈಯಲ್ಲಿ ಟೀ, ಬಾಯಲ್ಲಿ ಕೋಚ್. ಗೆದ್ದಿದ್ದರೆ ಮಾತು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಸೋತಿದ್ದರೆ ಅಂಗಡಿಯವರು ಸ್ಟೌವ್ ಆರಿಸಿ, ಲೋಟ ತೊಳೆದು, ಶಟರ್ ಅರ್ಧ ಎಳೆದ ಮೇಲೂ ನಡೆಯುತ್ತಿರುತ್ತದೆ.

ನಮ್ಮದು ಮೂರು ಜನರ ಗುಂಪು. ನಾನು, ನನ್ನ ಸೋದರಮಾವ, ಆಫೀಸಿನ ಒಬ್ಬ ಗೆಳೆಯ. ಮಾವ ಆಸ್ಟಿನ್ ಟೌನ್‌ನಲ್ಲಿ ಹುಟ್ಟಿ ಬೆಳೆದವರು. ಒಂದು ಕಾರ್ಖಾನೆ ತಂಡಕ್ಕೆ ಒಂಬತ್ತು ವರ್ಷ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಆಗಿ ಆಡಿದವರು. ಈಗಲೂ ಮೆಟ್ಟಿಲು ಇಳಿಯುವಾಗ ಬಲಗಾಲು ಮೊದಲು ಇಡುತ್ತಾರೆ, ಎಡ ಮಂಡಿಗೆ ಆಗಿನ ಪೆಟ್ಟು ಇನ್ನೂ ನೆನಪಿದೆ. ಗೆಳೆಯ ಹುಬ್ಬಳ್ಳಿಯವನು. ಬೆಂಗಳೂರಿಗೆ ಬಂದ ಮೇಲೆ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡವನು, ಪಾಯಿಂಟ್ ಪಟ್ಟಿ ಬಾಯಿಪಾಠ.

ಹತ್ತು ವರ್ಷದಿಂದ ನಾವು ಕೇಳುತ್ತಿರುವುದು ಎರಡೇ ಪ್ರಶ್ನೆ. ಒಂದು, ಕೋಚ್ ಇವತ್ತು ಈ ಫಾರ್ಮೇಷನ್ (ಹಿಂದೆ, ನಡುವೆ, ಮುಂದೆ ಎಷ್ಟೆಷ್ಟು ಜನ ಅನ್ನುವ ಜೋಡಣೆ) ಯಾಕೆ ಹಾಕಿದ? ಇನ್ನೊಂದು, ಹುಡುಗರಿಗೆ ಎಷ್ಟು ನಿಮಿಷ ಕೊಟ್ಟ? ಮೊದಲನೆಯದು ನನ್ನ ಗೆಳೆಯನದು, ಎರಡನೆಯದು ಮಾವನದು. ನಾನು ಸೋತ ದಿನ ಗೆಳೆಯನ ಕಡೆ, ಗೆದ್ದ ದಿನ ಮಾವನ ಕಡೆ ವಾಲುತ್ತಿದ್ದೆ. ಇವೆರಡೂ ಒಂದೇ ಪ್ರಶ್ನೆ ಅಂತ ಹೊಳೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಮೊದಲ ಸೀಸನ್, 2013-14ರಲ್ಲಿ, ತಂಡ ಆಡುತ್ತಿದ್ದುದು ಮ್ಯಾಗ್ರಾತ್ ರಸ್ತೆಯ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಮಾವ ತಾವು ಆಡಿದ ಮೈದಾನಕ್ಕೆ ಟಿಕೆಟ್ ತಗೊಂಡು ಹೋಗಿ ಕೂತರು. ಹುಟ್ಟಿದ ವರ್ಷವೇ ತಂಡ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು. ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಆಟಗಾರರು ಏನು ತಿನ್ನಬೇಕು, ಎಷ್ಟು ಓಡಬೇಕು ಎಂಬುದರಲ್ಲಿ ಭಾರಿ ಶಿಸ್ತು. ಆಗ ಕೋಚ್ ಬಗ್ಗೆ ಯಾರೂ ವಾದ ಮಾಡುತ್ತಿರಲಿಲ್ಲ. ಗೆಲ್ಲುತ್ತಿದ್ದೆವು, ಅಷ್ಟೇ ಸಾಕಾಗಿತ್ತು.

ವಾದ ಶುರುವಾದ ದಿನ ನನಗೆ ಸರಿಯಾಗಿ ನೆನಪಿದೆ. 2015ರ ಮೇ 31. ಕಂಠೀರವದಲ್ಲಿ ಮೋಹನ್ ಬಗಾನ್ ವಿರುದ್ಧ ಲೀಗ್‌ನ ಕೊನೆಯ ಪಂದ್ಯ. ನಾವು ಗೆದ್ದರೆ ಕಪ್ ನಮ್ಮದು, ಡ್ರಾ ಆದರೆ ಅವರದು. ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದಾಗ ಕಪ್ ಕೈಗೆ ಬಂದ ಹಾಗೇ ಇತ್ತು. 87ನೇ ನಿಮಿಷದಲ್ಲಿ ಒಂದು ಕಾರ್ನರ್, ಮೈದಾನದ ಮೂಲೆಯಿಂದ ಒದೆಯುವ ಚೆಂಡು. ಅವರ ಬೆಲ್ಲೋ ರಜಾಕ್ ತಲೆ ಕೊಟ್ಟ. 1-1. ಕಪ್ ಕೋಲ್ಕತ್ತಾಕ್ಕೆ ಹೋಯಿತು. ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಮಾವ ಒಂದೇ ಮಾತು ಹೇಳಿದರು: "ಕಾರ್ನರ್‌ಗೆ ನಿಲ್ಲೋದು ಹೇಗೆ ಅಂತ ಹತ್ತು ದಿನದಲ್ಲಿ ಕಲಿಸಬಹುದು ಕಣೋ. ಅದಕ್ಕೇ ಬೇಜಾರು."

ಆ ಮಾತು ಆಮೇಲೆ ಮತ್ತೆ ಮತ್ತೆ ನೆನಪಿಗೆ ಬಂತು. ವೆಸ್ಟ್‌ವುಡ್ ನಂತರ ಬಂದವರು ಸ್ಪೇನ್‌ನ ಆಲ್ಬರ್ಟ್ ರೋಕಾ. 2016ರಲ್ಲಿ ತಂಡವನ್ನು ಏಷ್ಯಾದ ಕ್ಲಬ್ಬುಗಳು ಆಡುತ್ತಿದ್ದ ಎಎಫ್‌ಸಿ ಕಪ್ ಫೈನಲ್‌ವರೆಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೆ ಭಾರತದ ಯಾವ ಕ್ಲಬ್ಬೂ ಹೋಗದ ಜಾಗ ಅದು. ಆ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೋಹೋರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿದ ರಾತ್ರಿಗಿಂತ ಒಳ್ಳೆಯ ರಾತ್ರಿ ಆ ಸ್ಟೇಡಿಯಂ ನೋಡಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ. ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದ ಮೊದಲ ವರ್ಷವೇ ಪಟ್ಟಿಯಲ್ಲಿ ಮೊದಲ ಸ್ಥಾನ. 2018ರ ಮಾರ್ಚ್ 17ಕ್ಕೆ ನಮ್ಮದೇ ಅಂಗಳದಲ್ಲಿ ಫೈನಲ್. ನಮ್ಮ ನಾಯಕ ಸುನಿಲ್ ಚೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದರು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಸಲ ತಲೆಯಲ್ಲಿ ಹೊಡೆದರು. ಎರಡೂ ಕಾರ್ನರ್. 2-3ರಿಂದ ಸೋತೆವು.

ರೋಕಾ ಜೊತೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಮುಂದಿನ ಸೀಸನ್‌ಗೆ ಕೋಚ್ ಆದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ಕ್ಕೆ, ಮುಂಬೈಯಲ್ಲಿ ಮತ್ತೆ ಫೈನಲ್. ಎದುರಿಗೆ ಗೋವಾ. 117ನೇ ನಿಮಿಷ, ದಿಮಾಸ್ ದೆಲ್ಗಾದೊ ಕಾರ್ನರ್, ರಾಹುಲ್ ಭೇಕೆ ತಲೆ, ಕಪ್ ನಮ್ಮದು. ನಮ್ಮನ್ನು ಎರಡು ಸಲ ಅಳಿಸಿದ ಕಾರ್ನರ್ ಈ ಸಲ ನಮ್ಮ ಕಡೆ ಬಂತು. ಮಾವ ಕುರ್ಚಿಯಿಂದ ಎದ್ದು ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿ ಬಂದರು. ಅತ್ತೆಗೆ ಫುಟ್‌ಬಾಲ್ ಬೇಕಿಲ್ಲ, ಆದರೂ ಯಾರಿಗಾದರೂ ಹೇಳಲೇಬೇಕಿತ್ತು ಅವರಿಗೆ.

ಅದರ ಮುಂದಿನ ವರ್ಷದಿಂದ ಟೀ ಅಂಗಡಿಯಲ್ಲಿ ಹೊಸ ದೂರು. "ಕಾರ್ನರ್, ಫ್ರೀ ಕಿಕ್, ಭೇಕೆ ಎಸೆಯೋ ಉದ್ದ ಥ್ರೋ, ಇವು ಬಿಟ್ರೆ ಗೋಲೇ ಇಲ್ಲ." ದೂರಿನಲ್ಲಿ ಸತ್ಯವಿತ್ತು. ವೆನಿಜುವೆಲಾದ ಸ್ಟ್ರೈಕರ್ ಮಿಕು ಬಿಟ್ಟು ಹೋಗಿದ್ದರು, ಅವರ ಜಾಗ ತುಂಬಲಿಲ್ಲ. ಓಡಾಡುವ ಆಟದಲ್ಲಿ ಗೋಲು ಬರುವುದು ಕಮ್ಮಿಯಾಯಿತು. ಆದರೆ ಕೋಚ್ ಯಾಕೆ ಕಾರ್ನರ್ ನೆಚ್ಚಿಕೊಂಡರು ಎಂಬ ಪ್ರಶ್ನೆಗೆ ಮಾವನ ಹತ್ತು ದಿನದ ಲೆಕ್ಕ ಉತ್ತರ ಕೊಡುತ್ತಿತ್ತು. ದೊಡ್ಡ ಆಟಗಾರರನ್ನು ಸಾಲಾಗಿ ನಿಲ್ಲಿಸಿ, ಯಾರು ಎಲ್ಲಿಗೆ ಓಡಬೇಕು, ಯಾರು ಯಾರ ದಾರಿ ಕಟ್ಟಬೇಕು ಅಂತ ಕಲಿಸಲು ಹತ್ತು ದಿನ ಸಾಕು. ಮಿಡ್‌ಫೀಲ್ಡ್‌ನಲ್ಲಿ ಬೆನ್ನಿಗೆ ಎದುರಾಳಿ ಅಂಟಿಕೊಂಡಿರುವಾಗ ಚೆಂಡು ಹಿಡಿದು ತಿರುಗುವ ಹುಡುಗ ಬೇಕು ಅಂದರೆ ವರ್ಷಗಳೇ ಬೇಕು. ಕೋಚ್ ಕೈಯಲ್ಲಿ ಎಷ್ಟು ದಿನ ಇದೆಯೋ ಅಷ್ಟು ದಿನದ ಆಟವನ್ನೇ ಆತ ಆಡಿಸುತ್ತಾನೆ. ಕಪ್ ಗೆದ್ದ ಎರಡು ವರ್ಷದೊಳಗೆ, 2021ರ ಜನವರಿಯಲ್ಲಿ, ಕ್ವಾದ್ರಾತ್ ಕ್ಲಬ್ ಬಿಟ್ಟರು.

ನಮ್ಮ ಗುಂಪಿನಲ್ಲಿ ದೊಡ್ಡ ಜಗಳವೇ ಆಗಿಹೋದದ್ದು 2022-23ರಲ್ಲಿ. ಆಗ ಕೋಚ್ ಸೈಮನ್ ಗ್ರೇಸನ್. ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಗೆದ್ದು ಕೊಟ್ಟರು, ಆಮೇಲೆ ಲೀಗ್‌ನಲ್ಲಿ ಸೋಲಿನ ಮೇಲೆ ಸೋಲು. ಡಿಸೆಂಬರ್ ಹೊತ್ತಿಗೆ ಪಟ್ಟಿಯ ಕೆಳಗಿನ ಸಾಲಿನಲ್ಲಿದ್ದೆವು. ಅವರು ಹಾಕುತ್ತಿದ್ದುದು ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರ ಆಟ. ನನ್ನ ಗೆಳೆಯನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಮೂರು ಮಂದಿ ಹಿಂದ ನಿಂತ್ರ ಮುಂದ ಆಡಾವ್ರು ಯಾರು?" ಅಂತ ಪ್ರತಿ ವಾರ ಕೇಳುತ್ತಿದ್ದ.

ಆ ಆಟದ ಒಂದು ಗುಣ ನಮಗೆ ಆಗ ಕಾಣಲಿಲ್ಲ. ಮುಂದೆ ಒಬ್ಬನೇ ಸ್ಟ್ರೈಕರ್ ಇರುವ ಆಟದಲ್ಲಿ ಆ ಜಾಗ ಸಾಮಾನ್ಯವಾಗಿ ವಿದೇಶಿ ಆಟಗಾರನಿಗೇ ಹೋಗುತ್ತದೆ. ಗೋಲು ಹೊಡೆಯಬಲ್ಲ ನಮ್ಮ ಹುಡುಗನನ್ನು ರೆಕ್ಕೆಗೆ, ಅಂದರೆ ಮೈದಾನದ ಅಂಚಿಗೆ, ತಳ್ಳುತ್ತಾರೆ. ಆತ ಲೈನ್ ಪಕ್ಕ ಓಡಿ ಕ್ರಾಸ್ ಕೊಡುವುದನ್ನು ಕಲಿಯುತ್ತಾನೆ. ಗೋಲಿನ ಮುಂದಿನ ಪೆಟ್ಟಿಗೆಯೊಳಗೆ ಡಿಫೆಂಡರ್ ಕಣ್ಣು ತಪ್ಪಿಸಿ ಅರ್ಧ ಗಜ ಜಾಗ ಹುಡುಕುವುದನ್ನು ಮರೆಯುತ್ತಾನೆ. ಭಾರತಕ್ಕೆ ಚೆಟ್ರಿ ನಂತರ ಸ್ಟ್ರೈಕರ್ ಎಲ್ಲಿ ಅಂತ ಇಡೀ ದೇಶ ಕೇಳುತ್ತದಲ್ಲ, ಅದರ ಅರ್ಧ ಉತ್ತರ ಇಲ್ಲೇ ಇದೆ ಅಂತ ನನ್ನ ನಂಬಿಕೆ. 2021-22ರಿಂದ ಮೈದಾನದಲ್ಲಿ ಒಟ್ಟಿಗೆ ನಾಲ್ಕೇ ವಿದೇಶಿಯರು ಎಂಬ ನಿಯಮ ಬಂತು, ಏಳು ಭಾರತೀಯರಿಗೆ ಜಾಗ ಸಿಕ್ಕಿತು. ಆದರೆ ಯಾವ ಜಾಗ ಸಿಕ್ಕಿತು ಅನ್ನುವುದು ಮುಖ್ಯ ಅಲ್ವಾ?

ಗ್ರೇಸನ್ ಆಟದಲ್ಲಿ ಮುಂದೆ ಇಬ್ಬರು. ಒಬ್ಬರು ಫಿಜಿಯ ರಾಯ್ ಕೃಷ್ಣ. ಪಕ್ಕದ ಇನ್ನೊಂದು ಜಾಗದಲ್ಲಿ ಬಂದು ನಿಂತವನು ತಮಿಳುನಾಡಿನ ಇಪ್ಪತ್ತೊಂದರ ಹುಡುಗ ಶಿವಶಕ್ತಿ ನಾರಾಯಣನ್. ಅವನಿಗಾಗಿ ಬೆಂಚಿಗೆ ಹೋದವರು ಸುನಿಲ್ ಚೆಟ್ರಿ.

ಅವತ್ತು ಸ್ಟೇಡಿಯಂ ಹೇಗಿತ್ತು ಅಂತ ಹೇಳಬೇಕು. ಹನ್ನೊಂದು ಹೆಸರು ಕೂಗುವಾಗ ಚೆಟ್ರಿ ಹೆಸರು ಬರಲಿಲ್ಲ. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕ ಹುಡುಗ, ಬೆನ್ನ ಮೇಲೆ ದೊಡ್ಡ 11, ಅಪ್ಪನ ಕಡೆ ತಿರುಗಿ ನೋಡಿದ. ಅಪ್ಪನಿಗೂ ಉತ್ತರ ಗೊತ್ತಿರಲಿಲ್ಲ. ನಾನೂ ಸಿಟ್ಟಾದೆ. ಈ ಊರಿಗೆ ಫುಟ್‌ಬಾಲ್ ಮರಳಿ ತಂದ ಮನುಷ್ಯನನ್ನು ಕೂರಿಸುವುದಕ್ಕೆ ನೀವ್ಯಾರು ಅನ್ನಿಸಿತು. ಮಾವ ಮಾತ್ರ ಸುಮ್ನೆ ಇದ್ದರು. ಅರ್ಧ ಗಂಟೆ ಆದ ಮೇಲೆ ಹೇಳಿದರು: "ಆ ಹುಡುಗ ಓಡಿದ್ರಿಂದ ಅವರ ಇಬ್ಬರು ಡಿಫೆಂಡರ್‌ಗಳು ಹಿಂದೆ ಹಿಂದೆ ಹೋಗ್ತಿದಾರೆ. ನಡುವೆ ಜಾಗ ನೋಡು ಎಷ್ಟಿದೆ."

ನೋಡಿದೆ. ಅಷ್ಟು ದಿನ ಇರದ ಜಾಗ ಅಲ್ಲಿತ್ತು. ಅದೇ ಜಾಗದಲ್ಲಿ ನಮ್ಮ ಮಿಡ್‌ಫೀಲ್ಡರ್ ಹಾವಿ ಹೆರ್ನಾಂಡೆಸ್ ಚೆಂಡು ಹಿಡಿದು ತಲೆ ಎತ್ತಿ ನಿಲ್ಲುತ್ತಿದ್ದರು.

ಲೀಗ್‌ನ ಕೊನೆಯ ಎಂಟು ಪಂದ್ಯ ಸಾಲಾಗಿ ಗೆದ್ದೆವು. ಶಿವಶಕ್ತಿ ಆ ಸೀಸನ್‌ನಲ್ಲಿ ಆರು ಗೋಲು ಹೊಡೆದ, ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಚೆಟ್ರಿ ಬೆಂಚಿನಿಂದ ಎದ್ದು ಬಂದು ಕೇರಳ ವಿರುದ್ಧ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದರು, ಮುಂಬೈಯಲ್ಲಿ ಸೆಮಿಫೈನಲ್‌ನ ಒಂದೇ ಗೋಲು ಹೊಡೆದರು. ಮೂವತ್ತೆಂಟರ ಕಾಲಿಗೆ ತೊಂಬತ್ತು ನಿಮಿಷದ ಬದಲು ಮೂವತ್ತು ನಿಮಿಷ ಕೊಟ್ಟರೆ ಏನಾಗುತ್ತದೆ ಅಂತ ತೋರಿಸಿಕೊಟ್ಟ ಸೀಸನ್ ಅದು. ಹುಡುಗ ಬೆಳೆದ, ಹಿರಿಯರು ಉಳಿದರು, ತಂಡ ಗೆದ್ದಿತು. ಮೂರೂ ಒಂದೇ ನಿರ್ಧಾರದಿಂದ ಆಯಿತು, ಅದು ಫಾರ್ಮೇಷನ್‌ನ ನಿರ್ಧಾರ.

ಫೈನಲ್‌ನ ಮೊದಲ ನಿಮಿಷಗಳಲ್ಲೇ ಶಿವಶಕ್ತಿ ಗಾಯಗೊಂಡು ಹೊರಗೆ ಬಂದ. ಮೋಹನ್ ಬಗಾನ್ ಎದುರು ಪೆನಾಲ್ಟಿಯಲ್ಲಿ ಸೋತೆವು. ಅದು 2023ರ ಮಾರ್ಚ್ 18. ಒಂಬತ್ತು ತಿಂಗಳು ತುಂಬುವ ಮೊದಲೇ, ಡಿಸೆಂಬರ್‌ನಲ್ಲಿ ಮುಂಬೈ ಎದುರು ಕಂಠೀರವದಲ್ಲಿ 0-4 ಸೋತ ಮೇಲೆ, ಗ್ರೇಸನ್ ಅವರನ್ನು ಕಳಿಸಿಬಿಟ್ಟರು. "ಗ್ರೇಸನ್ ಹೋಗಲಿ" ಅಂತ ಟೀ ಅಂಗಡಿಯಲ್ಲಿ ಜೋರಾಗಿ ಹೇಳಿದವರಲ್ಲಿ ನಾನೂ ಒಬ್ಬ. ಶಿವಶಕ್ತಿ ಅದಾದ ಮೇಲಿನ ಎರಡು ಸೀಸನ್‌ನಲ್ಲಿ ಆ ಆರು ಗೋಲಿನ ಹತ್ತಿರ ಬರಲಿಲ್ಲ. ಗಾಯವೂ ಇತ್ತು, ಆಟದ ಆಕಾರವೂ ಬದಲಾಯಿತು. ಆ ಹುಡುಗನ ಬಗ್ಗೆ ನನಗೆ ಈಗಲೂ ಸಂಕಟವಿದೆ.

ಇನ್ನು ನಾನು ನಿಜವಾಗಿ ಹೇಳಬೇಕಾದ ವಿಷಯ. ಕೋಚ್ ಬದಲಾದ ಆ ಹೊತ್ತಿನಲ್ಲೇ ಒಂದು ಪಂದ್ಯ. ಯಾವುದು ಅಂತ ಬೇಡ, ಹುಡುಗನ ಹೆಸರೂ ಬೇಡ. ಹಿಂದಿನ ಸಾಲಿನಲ್ಲಿ ಆಡುತ್ತಿದ್ದ, ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಮೊದಲರ್ಧ ಪೂರ್ತಿ ನಾವು ಕೂತಿದ್ದ ಕಡೆಗೇ ಇದ್ದ. ಕಂಠೀರವದಲ್ಲಿ ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟಗಾರರು ದೂರ ಕಾಣುತ್ತಾರೆ, ಆದರೆ ನಮ್ಮ ದನಿ ಅವರಿಗೆ ಕೇಳುತ್ತದೆ. ಗೋಲ್‌ಕೀಪರ್ ಅವನಿಗೆ ಚೆಂಡು ಕೊಟ್ಟರು. ಅವನು ಒಳಗೆ ತಿರುಗಿ ಮಿಡ್‌ಫೀಲ್ಡ್‌ಗೆ ಪಾಸ್ ಕೊಡಲು ನೋಡಿದ, ಎದುರಾಳಿ ಕಾಲಿಟ್ಟು ಕಿತ್ತುಕೊಂಡ. ಗೋಲೇನೂ ಆಗಲಿಲ್ಲ. ಆದರೆ ನಮ್ಮ ಕಡೆಯಿಂದ ಒಂದು ದನಿ ಎದ್ದಿತು. ಕೂಗಲ್ಲ, ಬೈಗುಳವೂ ಅಲ್ಲ. ಸಾವಿರ ಜನ ಒಟ್ಟಿಗೆ "ಅಯ್ಯೋ" ಅಂತ ಉಸಿರು ಬಿಟ್ಟರೆ ಹೇಗಿರುತ್ತದೆ, ಹಾಗೆ.

ಹತ್ತು ನಿಮಿಷದಲ್ಲಿ ಇನ್ನೊಮ್ಮೆ ಹಾಗೇ ಆಯಿತು. ಆಗ ನಾನು ಎದ್ದು ನಿಂತು ಕೈ ಬೀಸಿ ಕೂಗಿದೆ: "ಹೊಡಿಯೋ, ಎತ್ತಿ ಹೊಡಿಯೋ!"

ಮೂರನೇ ಸಲ ಅವನು ಎತ್ತಿ ಹೊಡೆದ. ಚೆಂಡು ಅರ್ಧ ಮೈದಾನ ದಾಟಿ ಅವರ ಡಿಫೆಂಡರ್ ತಲೆಗೆ ಹೋಯಿತು. ನಾವು ಚಪ್ಪಾಳೆ ಹೊಡೆದೆವು.

ಮಾವ ನನ್ನ ತೋಳು ಹಿಡಿದು ಕೂರಿಸಿದರು. "ಈಗ ಚೆಂಡು ನೋಡ್ಬೇಡ. ಹುಡುಗನ್ನ ನೋಡು."

ನೋಡಿದೆ. ಗೋಲ್‌ಕೀಪರ್ ಕೈಗೆ ಚೆಂಡು ಬಂದಾಗಲೆಲ್ಲ ಅವನು ಮೊದಲು ಲೈನ್ ಕಡೆ ಅಗಲಕ್ಕೆ ಸರಿದು ನಿಂತು ಕೈ ತೋರಿಸುತ್ತಿದ್ದ. ಈಗ ಎದುರಾಳಿ ಫಾರ್ವರ್ಡ್‌ನ ಬೆನ್ನ ಹಿಂದೆ ಎರಡು ಹೆಜ್ಜೆ ಸರಿಯುತ್ತಿದ್ದ. ನೋಡುವವರಿಗೆ ಅವನು ತನ್ನ ಜಾಗದಲ್ಲೇ ಇದ್ದಾನೆ ಅನ್ನಿಸುತ್ತದೆ. ಆದರೆ ಗೋಲ್‌ಕೀಪರ್‌ಗೂ ಅವನಿಗೂ ನಡುವೆ ಎದುರಾಳಿ ನಿಂತಿದ್ದಾನೆ. ಪಾಸ್ ಕೊಡಲು ದಾರಿಯೇ ಇಲ್ಲ.

"ಬಚ್ಚಿಟ್ಟುಕೊಂಡ," ಅಂದರು ಮಾವ. "ನಾನೂ ಹೀಗೇ ಬಚ್ಚಿಟ್ಟುಕೊಂಡಿದ್ದೀನಿ. ಚೆಂಡು ಬರದಿದ್ರೆ ತಪ್ಪೂ ಆಗಲ್ಲ ನೋಡು. ಇವತ್ತು ಅವನಿಗೆ ತೊಂಬತ್ತು ನಿಮಿಷ ಸಿಗುತ್ತೆ. ಆಡಿದ್ದು ಇಪ್ಪತ್ತೇ ನಿಮಿಷ."

ಆ ಮಾತು ನನ್ನೊಳಗೆ ಇಳಿದು ಕೂತಿತು. ಹುಡುಗರಿಗೆ ಎಷ್ಟು ನಿಮಿಷ ಕೊಟ್ಟ ಅಂತ ಕೋಚ್‌ನನ್ನು ಕೇಳುತ್ತಿದ್ದೆವಲ್ಲ, ಕೊಟ್ಟ ನಿಮಿಷವನ್ನು ಕಿತ್ತುಕೊಳ್ಳುವ ಶಕ್ತಿ ನಮ್ಮ ಕೈಯಲ್ಲೂ ಇತ್ತು. ಹಿಂದಿನಿಂದ ಪಾಸ್ ಮಾಡಿ ಆಟ ಕಟ್ಟಬೇಕು, ಉದ್ದ ಹೊಡೆಯುವುದು ಹಳೇ ಕಾಲದ ಆಟ ಅಂತ ಅಂಗಡಿಯಲ್ಲಿ ಭಾಷಣ ಮಾಡಿದವನು ನಾನೇ. ಎತ್ತಿ ಹೊಡಿ ಅಂತ ಆ ಹುಡುಗನಿಗೆ ಕಲಿಸಿದವನೂ ನಾನೇ. ಕೋಚ್ ವಾರವಿಡೀ ಅಭ್ಯಾಸದಲ್ಲಿ ಹೇಳಿದ್ದನ್ನು ನಾವು ಎರಡು "ಅಯ್ಯೋ"ದಲ್ಲಿ ಅಳಿಸಿಹಾಕಿದೆವು.

ಅವತ್ತು ರಾತ್ರಿ ಇದನ್ನೇ ಹೇಳಿದರೆ ಹುಬ್ಬಳ್ಳಿಯ ಗೆಳೆಯ ಒಪ್ಪಲಿಲ್ಲ. "ಟೇಬಲ್ ಮ್ಯಾಲೆ ಹುಡುಗರ ವಯಸ್ಸು ಬರಿಯಂಗಿಲ್ಲೋ ದೋಸ್ತ, ಪಾಯಿಂಟ್ ಬರೀತಾರ. ಟಿಕೆಟ್‌ಗೆ ರೊಕ್ಕ ಕೊಟ್ಟು ಬಂದಾವ್ರು ಅಯ್ಯೋ ಅನ್ನಬಾರದೇನು?" ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಆ ಸೀಸನ್ ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನಕ್ಕೆ ಇಳಿದೆವು. ಬೆಂಗಳೂರಿನ ಅಭಿಮಾನಿಗೆ ಅದು ಅಭ್ಯಾಸವಿಲ್ಲದ ಜಾಗ. ಕೆಲಸದ ದಿನ ಟ್ರಾಫಿಕ್ ದಾಟಿ ಬಂದು ಸೋಲು ನೋಡಿ ಹೋಗುವವನಿಗೆ ತಾಳ್ಮೆ ಇಟ್ಟುಕೋ ಅನ್ನುವುದು ಸುಲಭ ಅಲ್ಲ.

ಆದರೂ ಒಂದು ಲೆಕ್ಕ ಹಾಕಿ ತೋರಿಸಿದೆ. 2019ರಲ್ಲಿ ಹದಿನಾಲ್ಕು ವರ್ಷದ ಹುಡುಗ ಒಬ್ಬ ಕ್ಲಬ್ ಕಡೆ ಆಸೆಯಿಂದ ನೋಡುತ್ತಿದ್ದಾನೆ ಅಂತ ಇಟ್ಟುಕೊಳ್ಳಿ. ಅವನಿಗೆ ಹತ್ತೊಂಬತ್ತು ಆಗುವಷ್ಟರಲ್ಲಿ ಮೊದಲ ತಂಡದ ಕೋಚ್ ಎಷ್ಟು ಜನ? ಕ್ವಾದ್ರಾತ್. ಉಳಿದ ಸೀಸನ್ ನಡೆಸಿಕೊಟ್ಟ ನೌಶಾದ್ ಮೂಸಾ. ಜರ್ಮನಿಯ ಹದಿನೇಳು ವರ್ಷದೊಳಗಿನವರಿಗೆ 2009ರಲ್ಲಿ ಯೂರೋಪಿನ ಕಪ್ ಗೆದ್ದು ಕೊಟ್ಟಿದ್ದ ಮಾರ್ಕೊ ಪೆಜಾಯುಲಿ. ಗ್ರೇಸನ್. ಆಮೇಲೆ ಹೆರಾರ್ಡ್ ಸರಗೋಸಾ. ಐದು ವರ್ಷ, ಐದು ಕೋಚ್. ಒಬ್ಬರು ರೆಕ್ಕೆಯಲ್ಲಿ ಆಡು ಅಂದರೆ ಇನ್ನೊಬ್ಬರು ಹಿಂದೆ ಬಾ ಅಂದಿರುತ್ತಾರೆ. ಪೆಜಾಯುಲಿ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಅವರ ತಂಡ ಆರನೇ ಸ್ಥಾನದಲ್ಲಿ ನಿಂತಿತು, ಅದಕ್ಕೆ ಜನ ಬೈದರು. ಅದೇ ಸೀಸನ್‌ನಲ್ಲಿ ಮಣಿಪುರದ ರೋಶನ್ ಸಿಂಗ್ ಲೀಗ್‌ನ ಉದಯೋನ್ಮುಖ ಆಟಗಾರನಾದ. ಮುಂದೆ ಗ್ರೇಸನ್‌ ತಂಡದ ಎಡ ಬದಿ ಹೊತ್ತವನು ಅವನೇ. ಒಬ್ಬರು ಬಿತ್ತಿದ್ದು ಇನ್ನೊಬ್ಬರ ಕಾಲದಲ್ಲಿ ಫಲ ಕೊಟ್ಟಿತು. ಬಿತ್ತಿದವರಿಗೆ ಚಪ್ಪಾಳೆ ಸಿಗಲಿಲ್ಲ.

ಮಾವನ ಕಾಲ ಬೇರೆ ಥರ ಇತ್ತು. ಎಚ್‌ಎಎಲ್, ಐಟಿಐ ಅಂಥ ಕಾರ್ಖಾನೆ ತಂಡಗಳು, ಸೇನೆಯ ಎಂಇಜಿ. ಆಡುವ ಹುಡುಗನಿಗೆ ಕಾರ್ಖಾನೆಯಲ್ಲಿ ನೌಕರಿ. ಬೆಳಗ್ಗೆ ಅಭ್ಯಾಸ, ಆಮೇಲೆ ಶಿಫ್ಟ್. ಒಂದು ಪಂದ್ಯ ಕೆಟ್ಟದಾಗಿ ಆಡಿದರೆ ಬೈಗುಳ ಬೀಳುತ್ತಿತ್ತು, ಊಟ ತಪ್ಪುತ್ತಿರಲಿಲ್ಲ. ಕೋಚ್ ಕೂಡ ಅದೇ ಕಾರ್ಖಾನೆಯವರು, ನಿವೃತ್ತಿ ಆಗುವವರೆಗೂ ಅವರೇ. ಆ ವ್ಯವಸ್ಥೆಗೆ ಅದರದೇ ಕುಂದುಗಳಿದ್ದವು, ಮಾವನೇ ಎಣಿಸಿ ಹೇಳುತ್ತಾರೆ. ಆದರೆ ಅದಕ್ಕೂ ಹಿಂದಿನಿಂದ ಈ ಊರಿನ ದಂಡುಪ್ರದೇಶದ ಗಲ್ಲಿಗಳಿಂದ ಆಟಗಾರರು ಬರುತ್ತಲೇ ಇದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಅಹ್ಮದ್ ಖಾನ್ ಬೆಂಗಳೂರಿನವರು. ಆ ಹೆಸರುಗಳನ್ನು ಮಾವ ನೆಂಟರ ಹೆಸರು ಹೇಳುವ ಹಾಗೆ ಹೇಳುತ್ತಾರೆ.

ಹೀಗಾಗಿ 2023ರ ಮಾರ್ಚ್‌ನಲ್ಲಿ ಮಾವ ನನಗಿಂತ ಬೇರೆ ಪಂದ್ಯಕ್ಕೆ ಕಾಯುತ್ತಿದ್ದರು. ಮಾರ್ಚ್ 3ರ ರಾತ್ರಿ ಚೆಟ್ರಿ ಫ್ರೀ ಕಿಕ್ ಹೊಡೆದು, ಕೇರಳ ತಂಡ ಮೈದಾನ ಬಿಟ್ಟು ಹೋಗಿ, ಇಡೀ ದೇಶ ಅದರ ಬಗ್ಗೆ ಕಿತ್ತಾಡಿತು. ಮರುದಿನ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದ ಮೇಲೆ ಇದೇ ಮೊದಲು. ಐವತ್ತನಾಲ್ಕು ವರ್ಷ! ಮಾವ ಫೋನ್‌ನಲ್ಲಿ ಅತ್ತರು. ಆ ಹುಡುಗರಲ್ಲಿ ಎಷ್ಟು ಜನರ ಹೆಸರು ನಮ್ಮ ಟೀ ಅಂಗಡಿಯಲ್ಲಿ ಗೊತ್ತಿತ್ತು? ನನಗೆ ಒಂದೂ ಗೊತ್ತಿರಲಿಲ್ಲ. ಹುಡುಗರನ್ನು ಬೆಳೆಸಿ ಅಂತ ಕೂಗುವ ನಾನು ಮ್ಯಾಗ್ರಾತ್ ರಸ್ತೆಗೆ ಊರಿನ ಲೀಗ್ ಆದ ಸೂಪರ್ ಡಿವಿಷನ್ ಪಂದ್ಯ ನೋಡಲು ಹೋಗಿ ಆಗ ಮೂರು ವರ್ಷವಾಗಿತ್ತು.

ಈಗ ಹೋಗುತ್ತೇನೆ. ಅದರಿಂದ ಒಂದು ಲಾಭ ಆಯಿತು. 2024ರ ಸೆಪ್ಟೆಂಬರ್ 14ಕ್ಕೆ ಈಸ್ಟ್ ಬೆಂಗಾಲ್ ವಿರುದ್ಧ ಸೀಸನ್‌ನ ಮೊದಲ ಪಂದ್ಯದಲ್ಲಿ ವಿನೀತ್ ವೆಂಕಟೇಶ್ ಹೆಸರು ಹನ್ನೊಂದರಲ್ಲಿ ಬಂದಾಗ ನಮ್ಮ ಸುತ್ತ ಕೂತವರು ಯಾರಪ್ಪಾ ಇವನು ಅಂತ ಫೋನ್ ತೆಗೆದರು. ಮಾವನಿಗೂ ನನಗೂ ಗೊತ್ತಿತ್ತು. ಹತ್ತೊಂಬತ್ತರ ಹುಡುಗ, ನಮ್ಮೂರವನು, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು. ಐಎಸ್‌ಎಲ್‌ನಲ್ಲಿ ಅವನ ಮೊದಲ ಪಂದ್ಯ ಅದು. 25ನೇ ನಿಮಿಷದಲ್ಲಿ ಗೋಲು ಹೊಡೆದ, 1-0, ಪಂದ್ಯದ ಒಂದೇ ಗೋಲು. ಎದುರು ಬೆಂಚಿನಲ್ಲಿ ನಿಂತಿದ್ದವರು ಯಾರು ಗೊತ್ತಾ? ಕಾರ್ಲೆಸ್ ಕ್ವಾದ್ರಾತ್. ನಮ್ಮ ಕಡೆ ನಿಂತಿದ್ದವರು ಸರಗೋಸಾ, 2019ರಲ್ಲಿ ಕಪ್ ಗೆದ್ದಾಗ ಅದೇ ಕ್ವಾದ್ರಾತ್ ಪಕ್ಕ ಸಹಾಯಕರಾಗಿದ್ದವರು.

ಆ ಸೀಸನ್ ಫೈನಲ್‌ವರೆಗೂ ಹೋದೆವು, ಮತ್ತೆ ಮೋಹನ್ ಬಗಾನ್‌ಗೆ ಸೋತೆವು. ನಲವತ್ತು ದಾಟಿದ ಚೆಟ್ರಿ 14 ಗೋಲು ಹೊಡೆದರು, ಲೀಗ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು. ಗೋವಾದಲ್ಲಿ ಸೆಮಿಫೈನಲ್‌ನ ಕೊನೆ ಕ್ಷಣದಲ್ಲಿ ಅವರು ತಲೆ ಕೊಟ್ಟಾಗ ನಾನು ಮನೆಯಲ್ಲಿ ಕಿರುಚಿದ್ದು ಪಕ್ಕದ ಮನೆಗೂ ಕೇಳಿತು. ಸಂತೋಷದಲ್ಲೇ ಒಂದು ನೋವೂ ಇತ್ತು. ನಿವೃತ್ತಿ ಹೇಳಿದ ಮನುಷ್ಯನನ್ನು 2025ರ ಮಾರ್ಚ್‌ನಲ್ಲಿ ದೇಶ ಮತ್ತೆ ಕರೆಯಬೇಕಾಯಿತು. ಅವರು ಬಂದು ಮಾಲ್ಡೀವ್ಸ್ ವಿರುದ್ಧ ಗೋಲನ್ನೂ ಹೊಡೆದರು. ಹದಿನೈದು ವರ್ಷದಲ್ಲಿ ನಾವೆಲ್ಲ ಸೇರಿ ಎಷ್ಟು ಶಿವಶಕ್ತಿಗಳನ್ನು ರೆಕ್ಕೆಗೆ ತಳ್ಳಿದ್ದೇವೆ, ಎಷ್ಟು ಜನರನ್ನು ಬೆಂಚಿನಲ್ಲೇ ಮರೆತಿದ್ದೇವೆ ಅಂತ ಆ ರಾತ್ರಿ ತುಂಬಾ ಹೊತ್ತು ಯೋಚಿಸಿದೆ. ಪಂದ್ಯಕ್ಕೆ ಹತ್ತು ನಿಮಿಷದ ಹಾಗೆ ಹನ್ನೆರಡು ಪಂದ್ಯದಲ್ಲಿ ಆಡಿಸಿದರೂ ಒಬ್ಬ ಹುಡುಗನಿಗೆ ಸಿಗುವುದು ನೂರಿಪ್ಪತ್ತು ನಿಮಿಷ. ಎರಡು ಪೂರ್ತಿ ಪಂದ್ಯವೂ ಇಲ್ಲ. ಅಷ್ಟರಲ್ಲಿ ಅವನು ಆಗುತ್ತಾನೋ ಇಲ್ಲವೋ ಅಂತ ನಾವು ತೀರ್ಪು ಕೊಟ್ಟು ಮುಗಿಸಿರುತ್ತೇವೆ.

ನನ್ನ ಮಗಳಿಗೆ ಈಗ ಹನ್ನೊಂದು. ಭಾನುವಾರ ಬೆಳಗ್ಗೆ ಟರ್ಫ್‌ನಲ್ಲಿ ಏಳು ಏಳು ಜನರ ಪಂದ್ಯ ಆಡುತ್ತಾಳೆ. ಮೊದಲು ಸೇರಿಸಿದ್ದ ಕಡೆ ಕೋಚ್ ಗೆಲುವಿನ ಮನುಷ್ಯ. ಎತ್ತರದ ಹುಡುಗರನ್ನು ಮುಂದೆ ನಿಲ್ಲಿಸಿ, ಉಳಿದವರಿಗೆ ಅವರ ತಲೆ ಮೇಲೆ ಹೊಡೆಯಲು ಹೇಳುತ್ತಿದ್ದರು. ಕಪ್‌ಗಳು ಬರುತ್ತಿದ್ದವು, ಬಲೆಯ ಹೊರಗೆ ನಿಂತ ಅಪ್ಪ ಅಮ್ಮಂದಿರಿಗೂ ಅದು ಇಷ್ಟ. ಒಂದು ವರ್ಷ ಕಳೆದ ಮೇಲೆ ಒಂದು ದಿನ ನಾನು ಚೆಂಡು ಬಿಟ್ಟು ಅವಳನ್ನೇ ನೋಡಿದೆ. ಗೋಲ್‌ಕೀಪರ್ ಕೈಗೆ ಚೆಂಡು ಬಂದಾಗ ಅವಳು ಎದುರಾಳಿ ಹುಡುಗಿಯ ಬೆನ್ನ ಹಿಂದೆ ಎರಡು ಹೆಜ್ಜೆ ಸರಿದಳು. ಕಂಠೀರವದ ಆ ಹುಡುಗ ಸರಿದಿದ್ದ ಹಾಗೇ. ನನಗೆ ಮೈ ಜುಮ್ಮೆಂದಿತು. ಹನ್ನೊಂದನೇ ವಯಸ್ಸಿಗೇ ಬಚ್ಚಿಟ್ಟುಕೊಳ್ಳುವುದನ್ನು ಕಲಿತಿದ್ದಳು. ಮುಂದಿನ ತಿಂಗಳು ಬೇರೆ ಕಡೆ ಸೇರಿಸಿದೆ. ಈಗಿನ ಕೋಚ್ ಸೋತರೂ ಪಾಸ್ ಮಾಡಿ ಅನ್ನುತ್ತಾರೆ. ಜಾಸ್ತಿ ಸೋಲುತ್ತಾರೆ.

ಹೋದ ಭಾನುವಾರ ಮಾವನೂ ಬಂದಿದ್ದರು. ಬಲೆ ಹಿಡಿದುಕೊಂಡು ನಿಂತು ನೋಡುತ್ತಿದ್ದರು. ಮಗಳು ಹಿಂದೆ ಚೆಂಡು ತಗೊಂಡು ತಿರುಗಲು ಹೋದಳು. ಎದುರಾಳಿ ಹುಡುಗಿ ಕಿತ್ತುಕೊಂಡು ನೇರ ಓಡಿ ಗೋಲು ಹೊಡೆದಳು. ಪಕ್ಕದಲ್ಲಿದ್ದವರೊಬ್ಬರು "ಅಯ್ಯೋ" ಅಂದರು. ನನ್ನ ಬಾಯಿಗೂ ಬಂತು, ನುಂಗಿಕೊಂಡೆ. ಎಲ್ಲರೂ ಆ ಕಡೆ ಕುಣಿಯುತ್ತಿದ್ದ ಮಕ್ಕಳನ್ನು ನೋಡುತ್ತಿದ್ದರು, ನಾನೂ. ನಡು ಮೈದಾನದಲ್ಲಿ ಚೆಂಡು ಇಟ್ಟು ಆಟ ಮತ್ತೆ ಶುರುವಾಯಿತು. ಚೆಂಡು ಹಿಂದೆ ಬಂದು ಗೋಲ್‌ಕೀಪರ್ ಕಾಲಿಗೆ ಸಿಕ್ಕಿತು.

ಮಾವ ನನ್ನ ತೋಳು ತಟ್ಟಿದರು.

"ಆ ಕಡೆ ಏನೋ ನೋಡ್ತೀಯಾ? ಲೈನ್ ಹತ್ರ ನೋಡು. ಕೈ ಎತ್ತಿದಾಳೆ."